ಮಲತಾಯಿಗೆ ದನಿ ಕೊಟ್ಟವಳು

ಅಲ್ಲ ನಾಯೆಲಿ, ಪುಯೆಬ್ಲಾದ ಚಿತ್ರಮಂದಿರದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ ಎಂದೆಯಲ್ಲ, ಆ ಗೊಂಬೆ ಚಿತ್ರದ ಮಲತಾಯಿ, ಸೌಟು ಹಿಡಿದು ರಾಜಕುಮಾರನನ್ನೇ ಅಟ್ಟಿಸಿಕೊಂಡು ಹೋಗುತ್ತಾಳಲ್ಲ, ಅವಳ ದನಿ ಯಾರದೆಂದು ತಿಳಿದಿದ್ದೀಯ? ಈ ಮೆಟ್ಟಿಲು ಹತ್ತಿದರೆ ಸಿಗುವ ಒಂಬತ್ತನೇ ಮನೆಯ ಎದೆಲ್ಮಿರಾಳದು. ಹೂಂ, ಅವಳದೇ. ಕತ್ತಿಗೆ ಬೂದುಬಣ್ಣದ ಮಫ್ಲರು ಸುತ್ತಿಕೊಂಡು, ಬಕೆಟ್ ಹಿಡಿದು, ನಿನ್ನೆ ನಿನ್ನ ಪಕ್ಕದಲ್ಲೇ ಹಾದುಹೋದಳು. ನೀನು ಮಾತಾಡಿಸಿದಾಗ ಬರೀ ತಲೆಯಾಡಿಸಿದಳು. ನೀನು ಈ ವಠಾರಕ್ಕೆ ಹೊಸಬಳು, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕೆಲಸವಿರುವ ದಿನ ಅವಳು ಬೆಳಗ್ಗೆ ಗಂಟಲು ಸವೆಸುವುದಿಲ್ಲ. ಅಷ್ಟೇ ಅಲ್ಲ, ಬೇರೆ ಕಾರಣವೂ ಇದೆ. ನೀನು ಆ ಚೆಂಡುಹೂವಿನ ಬುಟ್ಟಿ ಇತ್ತ ಎಳೆ, ಸತ್ತವರ ಹಬ್ಬಕ್ಕೆ ಎಸಳು ಬಿಡಿಸುತ್ತಾ ಹೇಳುತ್ತೇನೆ. ಕೈ ಸುಮ್ಮನಿದ್ದರೆ ನನಗೆ ಮಾತು ಹೊರಡುವುದಿಲ್ಲ.

ಎದೆಲ್ಮಿರಾಳ ಕತೆಯನ್ನು ಅವಳಮ್ಮನಿಂದ ಶುರುಮಾಡಬೇಕು. ಈ ವಠಾರದಲ್ಲಿ ಎಲ್ಲವೂ, ಜನ ಗೌರವಕ್ಕೆ ‘ದೋನ್ಯಾ’ ಎನ್ನುವ ಆ ಕ್ರಿಸಾಂತಾಳಿಂದಲೇ ಶುರುವಾಗುತ್ತಿತ್ತು, ಬೆಳಗೂ ಸೇರಿ. ಆಕೆ ಲಾ ಮೆರ್ಸೇದ್ ಮಾರುಕಟ್ಟೆಯಲ್ಲಿ ಪಲ್ಯದ ಕಳ್ಳಿ ಎಲೆ ಮಾರುತ್ತಿದ್ದವಳು. ಚಾಕು ಹಿಡಿದು ಮುಳ್ಳು ಹೆರೆಯುವಾಗ ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಗಿರಾಕಿಯ ಮೇಲೆ, ಬಾಯಿ ಮಗಳ ಮೇಲೆ. ಅವಳು ಕೂಗಿದರೆ ಮೂರು ಸಾಲು ಆಚೆ ಕೋಳಿ ಮಾರುವವನು “ನನ್ನನ್ನ ಕರೆದ್ರಾ?” ಎಂದು ಎದ್ದು ಬರುತ್ತಿದ್ದ. ಅವಳ ಬೈಗುಳ ಕೇಳಲೆಂದೇ ಕೆಲವರು ಕಳ್ಳಿ ಎಲೆ ಕೊಳ್ಳುತ್ತಿದ್ದರು. ಸುಳ್ಳಲ್ಲ, ನನ್ನ ಗಂಡ ಫಿದೆನ್ಸಿಯೋ ಅವರಲ್ಲೊಬ್ಬ. ಕಳ್ಳಿ ಪಲ್ಯ ಕಂಡರಾಗದ ಮನುಷ್ಯ ವಾರಕ್ಕೊಮ್ಮೆ ಒಂದು ಕಟ್ಟು ತಂದು ನನ್ನ ಮುಂದೆ ಇಡುತ್ತಿದ್ದ. “ಇವತ್ತು ಏನಂದ್ಲು ಗೊತ್ತಾ?” ಎಂದು ಅವಳ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ತೋರಿಸುತ್ತಿದ್ದ. ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಬದುಕಿರುವಾಗ ಕೆಲಸಕ್ಕೆ ಬಾರದವನಾಗಿದ್ದ, ಆದರೆ ನಗಿಸುತ್ತಿದ್ದ.

ಎದೆಲ್ಮಿರಾ ಅಮ್ಮನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಬೆರಳಿನ ಮುಳ್ಳು ಕೀಳುತ್ತಾ ಬೆಳೆದವಳು. ದೊಡ್ಡವಳಾದ ಮೇಲೆ ಒಂದು ಹೋಟೆಲಿಗೆ ಕಳ್ಳಿ ಎಲೆ ಹಾಕಿಬರುವ ಕೆಲಸ ಅವಳದಾಯಿತು. ಹೋಟೆಲಿನ ಪಕ್ಕದಲ್ಲೇ ಪರದೇಶದ ಚಿತ್ರಗಳಿಗೆ ನಮ್ಮ ಮಾತು ಕೂರಿಸುವ ಸ್ಟುಡಿಯೋ ಇತ್ತು. ಒಂದು ದಿನ ಅವರಿಗೆ ಗುಂಪಿನಲ್ಲಿ ಅಳುವ ಹೆಂಗಸರು ಸಾಲದೆ ಬಂದು, ಹೋಟೆಲಿನಲ್ಲಿದ್ದವರನ್ನೆಲ್ಲ ಎಳೆದುಕೊಂಡು ಹೋದರಂತೆ. ಬುಟ್ಟಿ ಕೆಳಗಿಟ್ಟು ಇವಳೂ ಅತ್ತಳು. ಅತ್ತದ್ದು ಚೆನ್ನಾಗಿತ್ತು, ಮತ್ತೆ ಕರೆದರು. ಹಾಗೆ ಹೋದವಳು ಇವತ್ತಿಗೂ ಹೋಗುತ್ತಿದ್ದಾಳೆ.

ಆ ಕಾಲದಲ್ಲಿ ಎಲ್ಲರೂ ಒಂದೇ ಮೈಕಿನ ಸುತ್ತ ನಿಂತು, ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಮಾತಾಡುತ್ತಿದ್ದರಂತೆ. ಈಗ ಒಬ್ಬೊಬ್ಬರನ್ನೇ ಕಪಾಟಿನಂಥ ಕೋಣೆಗೆ ಕೂಡಿ, ಕಿವಿಗೆ ಮುಚ್ಚಳ ಹಾಕುತ್ತಾರೆ. ಗಂಡನ ಜತೆ ಜಗಳವಾಡುವ ಮಾತಿದ್ದರೂ ಗಂಡ ಅಲ್ಲಿರುವುದಿಲ್ಲ, ಅವನು ಮುಂದಿನ ವಾರ ಬಂದು ಉತ್ತರ ಕೊಡುತ್ತಾನೆ. “ನಮ್ಮನೇಲೂ ಹಾಗೇ ಇತ್ತು ಬಿಡೇ” ಎಂದು ನಾನು ನಕ್ಕಿದ್ದೆ. ಅವಳು ನಗಲಿಲ್ಲ. ದಣಿದಿದ್ದಳು. ಸನ್ಯಾಸಿನಿ, ದಾದಿ, ಅಂಗಡಿಯವಳು, ಮಾತಾಡುವ ಮರ, ಮುದಿ ಕೋಳಿ, ಇವೇ ಅವಳ ಪಾಲಿಗೆ ಬಂದದ್ದು. ರಾಜಕುಮಾರಿಯರ ದನಿ ಬೇರೆಯವರಿಗೆ. ಚಿತ್ರದ ಕೊನೆಯಲ್ಲಿ ಹೆಸರು ಹಾಕುವ ರೂಢಿಯೂ ಆಗ ಇರಲಿಲ್ಲ.

ಇನ್ನೊಂದು ವಿಷಯ. ಅಲ್ಲಿ ನಮ್ಮ ಕೇರಿಯ ಮಾತು ಆಡುವ ಹಾಗಿಲ್ಲ. ಚಿಲಿಯಲ್ಲೂ ತಿಳಿಯಬೇಕು, ಕ್ಯೂಬಾದಲ್ಲೂ ತಿಳಿಯಬೇಕು. ಆದ್ದರಿಂದ ಯಾವ ಊರಿಗೂ ಸೇರದ, ಇಸ್ತ್ರಿ ಹಾಕಿದಂಥ ಮಾತು. ಕಳ್ಳಿಯ ಮುಳ್ಳು ಹೆರೆದ ಹಾಗೆ ಎದೆಲ್ಮಿರಾ ತನ್ನ ನಾಲಿಗೆಯಿಂದ ಲಾ ಮೆರ್ಸೇದನ್ನು ಹೆರೆದು ತೆಗೆದಳು. ಹಾಗಾಗಿ ಏನಾಯಿತು? ಅವಳಮ್ಮ ನಂಬಲೇ ಇಲ್ಲ. ಟೀವಿಯಲ್ಲಿ ಸನ್ಯಾಸಿನಿ ಬಂದಾಗ ನಾವೆಲ್ಲ “ಕ್ರಿಸಾಂತಾ, ನಿನ್ನ ಮಗಳು!” ಎಂದರೆ ಆಕೆ ಕೈ ಬೀಸಿಬಿಡುತ್ತಿದ್ದಳು.

“ಯಾವೋಳೋ ಪರದೇಶದೋಳು. ನನ್ನ ಮಗಳು ಹೀಗೆಲ್ಲಿ ಮಾತಾಡ್ತಾಳೆ? ಜನ ಖಾಲಿ ಕೋಣೆ ಬಾಡಿಗೆಗೆ ಕೊಡ್ತಾರೆ, ಇವ್ಳು ಗಂಟ್ಲು ಬಾಡಿಗೆಗೆ ಕೊಟ್ಟವ್ಳೆ. ಒಳಗೆ ಯಾರಿದ್ರೆ ಏನು, ನಮ್ಮೋರಂತೂ ಅಲ್ಲ.”

ಮದುವೆಯ ಮಾತು ಒಂದೆರಡು ಸಲ ಬಂತು, ಹೋಯಿತು. ಅದನ್ನು ಇನ್ನೊಮ್ಮೆ ಹೇಳುತ್ತೇನೆ, ಅದರಲ್ಲಿ ಒಬ್ಬ ಟ್ರಂಪೆಟ್ ಊದುವವನಿದ್ದಾನೆ. ಆಮೇಲೆ ಕ್ರಿಸಾಂತಾ ಬಿದ್ದು ಸೊಂಟ ಮುರಿದುಕೊಂಡಳು. ಅಂದಿನಿಂದ ಎದೆಲ್ಮಿರಾಳ ದಿನ ಹೀಗೆ: ಅಮ್ಮನನ್ನು ಎಬ್ಬಿಸಿ, ಒರೆಸಿ, ತಿನ್ನಿಸಿ, ಬೈಸಿಕೊಂಡು, ಬಸ್ಸಿಗೆ ಓಡುವುದು. ಕೋಳಿಯಾಗಿಯೋ ದಾದಿಯಾಗಿಯೋ ಮಾತಾಡಿ ಬಂದು, ಮತ್ತೆ ತಿನ್ನಿಸಿ, ಒರೆಸಿ, ಬೈಸಿಕೊಂಡು ಮಲಗುವುದು. ಮಗಳಿಗೂ ಅರವತ್ತು ದಾಟಿದೆ, ಅದು ಯಾರಿಗೂ ನೆನಪಿಲ್ಲ. ತಾಯಿ ಬದುಕಿರುವ ತನಕ ಹೆಣ್ಣು ಹುಡುಗಿಯೇ ಅಲ್ಲವೇ?

ಕಳೆದ ವರ್ಷ ಸ್ಟುಡಿಯೋಗೆ ಈ ಚಿತ್ರ ಬಂತು. ನೀನು ನೋಡಿದ್ದೀಯಲ್ಲ, ಹಳೆಯ ಅಜ್ಜಿಕತೆಗಳನ್ನೆಲ್ಲ ತಲೆಕೆಳಗು ಮಾಡಿ ನಗಾಡುವ ಚಿತ್ರ. ಬೂದಿ ಬಳಿದುಕೊಂಡ ಹುಡುಗಿ ಇಡೀ ದಿನ ಇಲಿಗಳ ಜತೆ ಹಾಡುತ್ತಾ ಕೂರುತ್ತಾಳೆ, ಮನೆಗೆಲಸವೆಲ್ಲ ಪಾಪ ಮಲತಾಯಿಯದು. ರಾಜಕುಮಾರ ಊರ ಹೆಂಗಸರ ಪಾದಕ್ಕೆ ಚಪ್ಪಲಿ ತೊಡಿಸಿ ತೊಡಿಸಿ ವಾಸನೆಗೆ ಮೂರ್ಛೆ ಹೋಗುತ್ತಾನೆ. ಆ ಮಾಟದ ಮುದುಕಿ ಬಂದು ಕುಂಬಳಕಾಯಿಯನ್ನು ಸಾರೋಟು ಮಾಡಿದಾಗ ಮಲತಾಯಿ ತಲೆತಲೆ ಚಚ್ಚಿಕೊಳ್ಳುತ್ತಾಳೆ. ಅದು ಹಬ್ಬದ ಅಡುಗೆಗೆ ಇಟ್ಟದ್ದು! ಆ ಪಾತ್ರ ಎದೆಲ್ಮಿರಾಳಿಗೆ ಸಿಕ್ಕಿತು. ಧ್ವನಿ ಕೊಡಿಸುವ ನಿರ್ದೇಶಕ ಲೆಯೊಬಾರ್ದೋ ಅಂತ ಒಬ್ಬ, ಚಿಕ್ಕವನು, ಕಿವಿಗೆ ರಿಂಗು ಹಾಕಿಕೊಂಡಿರುತ್ತಾನೆ.

ಒಂದು ಮಧ್ಯಾಹ್ನ ನಾನು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವಳು ಬಂದು ಪಕ್ಕದ ಕಲ್ಲಿನ ಮೇಲೆ ಕೂತಳು. ಅವತ್ತು ನಲ್ಲಿಯಲ್ಲಿ ನೀರು ಕಿರುಬೆರಳಷ್ಟು ಸಣ್ಣಗೆ ಬರುತ್ತಿತ್ತು, ಅದನ್ನೇ ನೋಡುತ್ತಾ ಅಂದಳು:

“ಕುಕಾ, ನಾನೊಂದು ಪಾಪ ಮಾಡ್ಬಿಟ್ಟೆ.”

“ಈ ವಯಸ್ಸಲ್ಲಾ? ಯಾರ ಜತೆಗೇ?”

“ಥೂ ನಿನ್ನ. ಕೇಳಿಲ್ಲಿ. ಆ ಹುಡುಗ ಅಂದ, ‘ಊರಿಲ್ಲದ ಮಾತು ಬೇಡ ದೋನ್ಯಾ, ಈ ಚಿತ್ರ ಮಾಡಿರೋದೇ ಕಟ್ಟುಕತೆಗಳ ಕಿವಿ ಹಿಂಡೋದಕ್ಕೆ. ನಿಮ್ಮನೇಲಿ ಹೆಂಗೆ ಬೈತಾರೋ ಹಂಗೆ ಬೈದುಬಿಡಿ’ ಅಂತ. ನಾನು ಬಾಯಿ ಬಿಟ್ಟೆ ಅಷ್ಟೇ. ಅಮ್ಮ ಹೊರಗೆ ಬಂದ್ಬಿಟ್ಲು. ಸೊಂಟದ ಮೇಲೆ ಕೈ ಇಟ್ಕೊಂಡು ಪೂರಾ ಬಂದ್ಲು. ಗಾಜಿನಾಚೆ ಎಲ್ರೂ ಬಿದ್ದೂ ಬಿದ್ದೂ ನಕ್ರು.”

“ನಗ್ಲಿ ಬಿಡು.”

“ನಕ್ಕಿದ್ದು ಯಾರನ್ನ ನೋಡಿ? ಅವಳು ಹಾಸಿಗೇಲಿದಾಳೆ, ನಾನು ಅವಳ್ನ ಮಾರ್ಕೊಂಡು ಬಂದೆ. ಅವಳಿಗೆ ಗೊತ್ತಾದ್ರೆ ಮುಗೀತು.” ಎದ್ದು ಹೊರಟವಳು ತಿರುಗಿ, “ಆದ್ರೂ ಒಂದ್ಸಲ ಕೇಳಿಸ್ಕೊಳ್ಲಿ ಅಂತಾನೂ ಅನ್ಸುತ್ತೆ ಕಣೇ. ನಲವತ್ತು ವರ್ಷದಲ್ಲಿ ನನ್ನ ದನಿ ಅಂತ ಒಂದೇ ಒಂದು ಸಲ ಒಪ್ಪಿಲ್ಲ” ಎಂದಳು.

ಅಮ್ಮ ಕೇಳಬೇಕು, ಕೇಳಬಾರದು. ಎರಡೂ ಒಟ್ಟಿಗೆ. ಅದೇ ಅವಳ ಸಂಕಟ.

ಈ ವರ್ಷ ಮಳೆಗಾಲದಲ್ಲಿ ಚಿತ್ರ ಬಿಡುಗಡೆಯಾಯಿತು. ವಠಾರದವರೆಲ್ಲ ಹೋದೆವು. ಮಲತಾಯಿ ಬಾಯಿ ತೆರೆದು, “ಏನಮ್ಮಾ ಮಹಾರಾಣಿ, ಪಾತ್ರೆ ತೊಳೆದ್ಯೋ ಇಲ್ಲ ಇಲಿಗಳು ಬಂದು ತೊಳೀಲಿ ಅಂತ ಕೂತಿದೀಯೋ? ಕಿಟಕಿ ಹತ್ರ ನಿಂತು ಹಾಡಿದ್ರೆ ಕಾಳು ಬೇಯುತ್ತೇನೇ?” ಎಂದದ್ದೇ ತಡ, ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಲಿಯೊಂದು ಬಿಟ್ಟರೆ ಉಳಿದದ್ದೆಲ್ಲ ನಾವು ದಿನಾ ಬೆಳಗ್ಗೆ ಮೆಟ್ಟಿಲ ಮೇಲಿನಿಂದ ಕೇಳುವುದೇ! ಹಿಂದಿನ ಸಾಲಿನವರು “ಸುಮ್ನಿರ್ರೀ” ಎನ್ನುವ ತನಕ ನಕ್ಕೆವು. ಎದೆಲ್ಮಿರಾ ಬಂದಿರಲಿಲ್ಲ. ಅಮ್ಮನ ಹತ್ತಿರ ಯಾರಾದರೂ ಇರಬೇಕಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮೂರನೇ ಮನೆಯ ನಾಬೋರ್ ಇದ್ದಾನಲ್ಲ, ಸಂತೆಯಲ್ಲಿ ಕಳ್ಳ ಡಿಸ್ಕು ಮಾರುವವನು, ಮನಸ್ಸು ಒಳ್ಳೆಯದು, ಬಾಯಿ ಜರಡಿ. ಅಕ್ಟೋಬರಿನಲ್ಲಿ ಕ್ರಿಸಾಂತಾಳ ಹೆಸರಿನ ಸಂತನ ಹಬ್ಬ ಬರುತ್ತದೆ. ಪ್ರತಿವರ್ಷ ಅವಳ ಬಾಗಿಲಲ್ಲಿ ಹಾಡು ಹೇಳಿ ಜೋಳದ ಕಡುಬು, ತಮಾಲೆ, ತಿನ್ನುವುದು ವಠಾರದ ಪದ್ಧತಿ. ಈ ಸಲ ಹಬ್ಬಕ್ಕೆ ಮುಂಚೆಯೇ ನಾಬೋರ್ ಸೀದಾ ಅವಳ ಹಾಸಿಗೆಯ ಬಳಿ ಹೋಗಿ, “ಅಜ್ಜೀ, ನಿಮ್ಮ ಮಗಳ ಚಿತ್ರಾನ ಅಂಗಳಕ್ಕೇ ತರ್ತೀನಿ, ನಿಮ್ಮನ್ನ ಕುರ್ಚಿ ಸಮೇತ ಕೆಳಗೆ ಇಳಿಸ್ತೀವಿ” ಎಂದುಬಿಟ್ಟ. ನಾನು ಅಲ್ಲೇ ಇದ್ದೆ. ಎದೆಲ್ಮಿರಾಳ ಕೈಯಲ್ಲಿದ್ದ ಚಮಚ ಗಾಳಿಯಲ್ಲೇ ನಿಂತಿತು.

ಕ್ರಿಸಾಂತಾ ಅಂದಳು, “ಆಗ್ಲಿ. ಇಷ್ಟು ವರ್ಷ ನನ್ನ ಬಿಟ್ಟು ದಿನಾ ಎಲ್ಲಿಗೆ ಓಡ್ತಿದ್ಲು ಅಂತ ಒಂದ್ಸಲ ನೋಡೇಬಿಡ್ತೀನಿ.”

ಎದೆಲ್ಮಿರಾ ನಾಬೋರನನ್ನು ಮೆಟ್ಟಿಲ ಕೆಳಗೆ ಹಿಡಿದು ಬೇಡಿಕೊಂಡಳು. ಅವನಿಗೂ ಆಗ ಅರ್ಥವಾಯಿತು, ಆದರೆ ಮುದುಕಿ ಆಗಲೇ ಕಪ್ಪು ರೇಷ್ಮೆ ಶಾಲು ಪೆಟ್ಟಿಗೆಯಿಂದ ತೆಗೆಸಿದ್ದಳು. ಆಡಿದ ಮಾತು, ಒಡೆದ ಮುತ್ತು.

ಹಬ್ಬದ ದಿನ ಸಂಜೆ, ಹಕ್ಕಿಗಳು ಗೂಡಿಗೆ ಬರುವ ಹೊತ್ತಿಗೆ, ಬಟ್ಟೆ ಹಗ್ಗಕ್ಕೆ ನನ್ನ ಬಿಳಿ ಹಾಸುಬಟ್ಟೆ ಕಟ್ಟಿದೆವು. ಕ್ರಿಸಾಂತಾಳನ್ನು ಇಬ್ಬರು ಗಂಡಸರು ಕುರ್ಚಿಯಲ್ಲಿ ಹೊತ್ತು ಇಳಿಸಿದರು. ಇಳಿಯುವಾಗಲೂ “ಶವ ಹೊತ್ತ ಹಾಗೆ ಹೊರ್ಬೇಡ್ರೋ, ಇನ್ನೂ ಉಸಿರಾಡ್ತಿದೀನಿ!” ಎಂದು ಬೈಯುತ್ತಲೇ ಇದ್ದಳು. ಎದೆಲ್ಮಿರಾ ಹಿಂದೆ, ಒಗೆಯುವ ಕಲ್ಲಿಗೆ ಆತು ನಿಂತಳು. ನಾಬೋರ್ ಪ್ರೊಜೆಕ್ಟರ್ ಹಚ್ಚಿ ಡಿಸ್ಕು ಹಾಕಿದ. ಬೂದಿ ಹುಡುಗಿ ಬಂದಳು, ಇಲಿಗಳು ಬಂದವು, ಅಡುಗೆಮನೆ ಬಾಗಿಲು ದಡಾರನೆ ತೆರೆಯಿತು, ಮಲತಾಯಿ ಸೌಟು ಎತ್ತಿದಳು.

ಎತ್ತಿ, ನಾಲಿಗೆಯನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡು, “ಎಲೈ ಕನ್ಯೆಯೇ, ಭಾಂಡಗಳನ್ನು ತೊಳೆದಿರುವೆಯೇನು?” ಎಂಬ ಧಾಟಿಯಲ್ಲಿ ಶುರುಮಾಡಿದಳು.

ಸ್ಪೇನಿನವರ ಡಿಸ್ಕು! ಕಳ್ಳ ಡಿಸ್ಕಿನಲ್ಲಿ ಹೀಗಾಗುವುದು ಇಡೀ ಸಂತೆಗೆ ಗೊತ್ತು. ಭಾಷೆ ಒಂದೇ ಆದರೂ ಅಲ್ಲಿಯವರು ಅವರ ಧಾಟಿಯ ಮಾತು ಕೂರಿಸಿದ್ದು, ಇಲ್ಲಿಯವರು ನಮ್ಮದು ಕೂರಿಸಿದ್ದು, ಡಿಸ್ಕಿನ ಹೊದಿಕೆಯ ಮೇಲಿನ ಚಿತ್ರ ಎರಡಕ್ಕೂ ಒಂದೇ. ಗಿರಾಕಿಗೆ ಕೊಡುವ ಮುಂಚೆ ನಾಬೋರ್ ಯಾವಾಗಲೂ ಹಾಕಿ ಕೇಳಿ ನೋಡುತ್ತಾನೆ. ನಮ್ಮವರಿಗೇ ತಾನೇ ಎಂದು ಈ ಸಲ ಕೇಳಿರಲಿಲ್ಲ. ತಲೆ ಮೇಲೆ ಕೈ ಹೊತ್ತುಕೊಂಡ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಎದೆಲ್ಮಿರಾಳ ಹೆಗಲು ಇಳಿದಿತ್ತು. ಬದುಕಿದೆ ಎಂದು ಉಸಿರು ಬಿಟ್ಟವಳ ಹಾಗೆ. ಯಾರಾದರೂ ಒಬ್ಬರು ಡಿಸ್ಕು ತೆಗೆದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಕ್ರಿಸಾಂತಾ ಕುರ್ಚಿಯಲ್ಲಿ ಕಷ್ಟಪಟ್ಟು ಹೊರಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದು ಮಗಳದೇ ದನಿ ಎಂದುಕೊಂಡು, ಮೆತ್ತಗೆ, ಕನಿಕರದಿಂದ ಅಂದಳು, “ಇದಕ್ಕೇನಾ ಮಗಳೇ ನೀನು ಜೀವಮಾನ ಎಲ್ಲಾ ಓಡಾಡಿದ್ದು? ಪಾಪ.”

ಬೈಗುಳಕ್ಕೆ ಮೈಯೊಡ್ಡಿ ಬೆಳೆದವಳು ಎದೆಲ್ಮಿರಾ. ಆ ‘ಪಾಪ’ ಅನ್ನುವುದನ್ನು ಮಾತ್ರ ಅವಳಿಂದ ತಡೆದುಕೊಳ್ಳಲು ಆಗಲಿಲ್ಲ. ಮಫ್ಲರು ಬಿಚ್ಚಿ ಕಲ್ಲಿನ ಮೇಲಿಟ್ಟಳು.

“ನಾಬೋರ್, ಸದ್ದು ಪೂರಾ ತೆಗಿ. ಮೊದ್ಲಿಂದ ಹಾಕು.”

ಹಾಸುಬಟ್ಟೆಯ ಪಕ್ಕ ನಿಂತು, ಚಿತ್ರದ ತುಟಿ ನೋಡುತ್ತಾ, ಬಾಯಿ ಬಿಟ್ಟಳು. ಅಯ್ಯೋ ನಾಯೆಲಿ, ನೀನು ಪುಯೆಬ್ಲಾದಲ್ಲಿ ಕೇಳಿದ್ದು ಏನೂ ಅಲ್ಲ. ಇಲಿಯ ಮಾತನ್ನು ನಾನೇ ಆಡಿದೆ, ರಾಜಕುಮಾರನದನ್ನು ನಾಬೋರ್. ಆದರೆ ಯಾರೂ ಚಿತ್ರ ನೋಡುತ್ತಿರಲಿಲ್ಲ, ಎಲ್ಲರ ಕಣ್ಣು ಕುರ್ಚಿಯ ಮೇಲೆ. ಕ್ರಿಸಾಂತಾ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ಅವಳ ಹೊಟ್ಟೆ ಕುಲುಕಿತು. ಆಮೇಲೆ ಶಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಎಷ್ಟು ವರ್ಷವಾಗಿತ್ತೋ ಅವಳು ಹಾಗೆ ನಕ್ಕು. ಕುಂಬಳಕಾಯಿಯ ಘಟ್ಟ ಬಂತು.

“ಅದನ್ನ ಸತ್ತವರ ಹಬ್ಬಕ್ಕೆ ಬೆಲ್ಲದ ಪಾಕ ಮಾಡ್ಲಿಕ್ಕೆ ಇಟ್ಟಿದ್ದೆ ಕಣೇ ಮುಂಡೇದೇ! ಸತ್ತವರು ಬಂದು ಬಾಗಿಲಲ್ಲಿ ನಿಂತ್ರೆ ಸಾರೋಟು ಕೊಡ್ತೀಯಾ ತಿನ್ನೋಕೆ?”

ಮುದುಕಿ ನಗು ನಿಲ್ಲಿಸಿದಳು. ಕೈ ಎತ್ತಿದಳು.

“ಇದು ನಮ್ಮಮ್ಮ. ಥೇಟ್ ನಮ್ಮಮ್ಮ. ಎದೆಲ್ಮಿರಾ, ಅವಳು ಸತ್ತಾಗ ನೀನು ಮೊಲೆ ಕುಡೀತಿದ್ದೆ. ನಿನಗ್ಯಾರೇ ಹೇಳ್ಕೊಟ್ರು?”

ಎದೆಲ್ಮಿರಾ ಹಾಸುಬಟ್ಟೆಯಿಂದ ಕಣ್ಣು ತೆಗೆದು ಅಮ್ಮನ ಕಡೆ ತಿರುಗಿದಳು. ಚಿತ್ರ ತನ್ನಷ್ಟಕ್ಕೆ ಮೂಕವಾಗಿ ಓಡುತ್ತಿತ್ತು.

“ನೀನೇ ಅಮ್ಮಾ” ಎಂದಳು.

“ನಾನಾ?” ಕ್ರಿಸಾಂತಾ ನಮ್ಮೆಲ್ಲರ ಮುಖ ನೋಡಿದಳು. “ನಾನು ಹೀಗೆ ಕೂಗ್ತೀನಾ?”

ಒಬ್ಬರಾದರೂ ಉತ್ತರ ಕೊಡಬೇಕಲ್ಲ? ನಾನೇ ಅಂದೆ, “ಇಲ್ಲ ಕ್ರಿಸಾಂತಾ. ನೀನು ಇನ್ನೂ ಜೋರು.” ನಗಿಸೋಣ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ.

“ಸಾಕು, ಆರ್ಸಿ. ಚಳಿ ಆಗ್ತಿದೆ” ಎಂದಳು ಕ್ರಿಸಾಂತಾ. ಕುರ್ಚಿ ಹೊತ್ತವರು ಮೇಲೆ ಹತ್ತುವಾಗ ಅವಳು ಯಾರನ್ನೂ ಬೈಯಲಿಲ್ಲ. ಗೋಡೆಗೆ ಅವಳ ಮೊಣಕೈ ತಾಗಿದಾಗಲೂ ಇಲ್ಲ.

ಅವತ್ತಿನಿಂದ ಅವಳು ಬೈಯುವುದನ್ನು ಬಿಟ್ಟಿದ್ದಾಳೆ. ಕೋಪವಲ್ಲ, ಕೋಪವಿದ್ದರೆ ನಮಗೆ ಗೊತ್ತಾಗುತ್ತಿತ್ತು. ಮರುದಿನ ಎದೆಲ್ಮಿರಾ ಬಂದು ಇದೇ ಬಾಗಿಲಲ್ಲಿ ಕೂತಳು. ಮುಖ ಒಗೆದ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು.

“‘ದಯವಿಟ್ಟು ಸ್ವಲ್ಪ ನೀರು ಕೊಡುತ್ತೀಯಾ’ ಅಂದ್ಲು ಕುಕಾ. ನನ್ನಮ್ಮ! ನಾನು ಸ್ಟುಡಿಯೋದಲ್ಲಿ ಆಡ್ತೀನಲ್ಲ, ಆ ಊರಿಲ್ಲದ ಮಾತಲ್ಲಿ. ಬೈತಿದ್ದಾಗ ಸುಸ್ತಾಗ್ತಿತ್ತು. ಈಗ ಬೈಯದೇ ಇರೋದನ್ನ ಹೊರೋದಕ್ಕಾಗ್ತಿಲ್ಲ.”

ನಾನು ಮೇಲೆ ಹೋದೆ. ನನ್ನ ಮಂಡಿಗೆ ಆ ಮೆಟ್ಟಿಲು ಆಗುವುದಿಲ್ಲ, ಆದರೂ ಹೋದೆ. ಕ್ರಿಸಾಂತಾ ಗೋಡೆ ನೋಡುತ್ತಾ ಮಲಗಿದ್ದಳು.

“ಮಗಳ ಮೇಲೆ ಮುನಿಸೇನೇ?”

“ಮುನಿಸ್ಯಾಕೆ? ಚೆನ್ನಾಗಿ ಮಾಡಿದ್ಲು. ಅದು ಅವಳ ದನೀನೇ, ಈಗ ಒಪ್ತೀನಿ.” ಆಮೇಲೆ ಗೋಡೆಗೇ ಹೇಳುವ ಹಾಗೆ ಅಂದಳು, “ನಮ್ಮಮ್ಮ ಸತ್ತಾಗ ನಾನು ಅಳ್ಲಿಲ್ಲ, ಗೊತ್ತಾ ಕುಕಾ? ಅವಳ ಬೈಗುಳ ನಿಂತು ಮನೆ ತಣ್ಣಗಾಯ್ತಲ್ಲ, ನಿದ್ದೆ ಮಾಡಿದೆ. ಜನ ಬಂದು ಎಬ್ಬಿಸಿದ್ರೂ ಏಳ್ದೆ ನಿದ್ದೆ ಮಾಡಿದೆ. ನಾನು ಹೋದಾಗ ಎದೆಲ್ಮಿರಾ ಹಾಗೆ ಮಲಗೋದು ಬೇಡ.”

ಇದನ್ನು ಮಗಳಿಗೆ ಹೇಳಿದೆ. “ಅಳು ಬರ್ಬೇಕಾದ್ರೆ ಅವಳು ಅವಳ ಹಾಗೇ ಇರ್ಬೇಕು ಅಂತ ಹೇಳು” ಎಂದಳು. ಅದನ್ನು ಅಮ್ಮನಿಗೆ ಹೇಳಿದೆ. “ನೋಡೋಣ” ಎಂದಳು, ಅದೇ ಇಸ್ತ್ರಿ ಹಾಕಿದ ದನಿಯಲ್ಲಿ. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರ ಮಾತನ್ನು ನಾನು ಹೊತ್ತು ಹತ್ತಿ ಇಳಿಯಬೇಕು. ಸಾಕಾಗಿದೆ ನಾಯೆಲಿ. ಅವರಿಗೂ ಸಾಕಾಗಿದೆ. ಒಳ್ಳೆಯವರಾಗಿರುವುದು ಎಷ್ಟು ದಣಿವು ಅನ್ನುತ್ತೀ.

ಎಸಳು ಅಲ್ಲೇ ಬಿಡು, ಏಳು. ಒಲೆಯ ಪಕ್ಕ ಶ್ಯಾವಿಗೆ ಸಾರಿದೆ ನೋಡು, ಮುಚ್ಚಿಟ್ಟ ಬಟ್ಟಲು. ಬಿಸಿ ಮಾಡಬೇಡ. ಬೇಕೆಂದೇ ಉಪ್ಪೂ ಹಾಕಿಲ್ಲ, ಟೊಮೇಟೊವನ್ನೂ ಸರಿಯಾಗಿ ಹುರಿದಿಲ್ಲ, ಶ್ಯಾವಿಗೆ ಕರಗಿ ಗಂಜಿಯಾಗುವ ತನಕ ಬಿಟ್ಟಿದ್ದೇನೆ. ಅದನ್ನು ಒಂಬತ್ತನೇ ಮನೆಗೆ ತಗೊಂಡು ಹೋಗಿ ಕ್ರಿಸಾಂತಾಳ ಕೈಗೇ ಕೊಡು. ಎದೆಲ್ಮಿರಾ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದಾಳೆ, ಅವಳನ್ನು ಕರೆಯಬೇಡ, ಬಾಗಿಲು ಮಾತ್ರ ಪೂರಾ ತೆರೆದಿಡು. ಮೊದಲ ಚಮಚ ಬಾಯಿಗಿಡುವ ತನಕ ನಿಂತಿರು, ಏನಂದರೂ ಎದುರು ಮಾತಾಡಬೇಡ. ಆಮೇಲೆ ಏನಾಯಿತೆಂದು ನನಗೆ ಬಂದು ಹೇಳುವುದೂ ಬೇಡ. ಬೈದರೆ ಇಲ್ಲಿಗೇ ಕೇಳಿಸುತ್ತದೆ. ಹೋಗು, ಬಟ್ಟಲು ಓರೆಯಾಗದ ಹಾಗೆ ಹಿಡಿ.